ಕನ್ನಡಕದ ಡಬ್ಬಿಯಲ್ಲಿ ಎಂಟು ಹಣ್ಣು

ಮನುಷ್ಯಕುಲ ಹುಟ್ಟಿದಂದಿನಿಂದ ಹಣ್ಣೂ ಭಯವೂ ಒಂದೇ ಕೊಂಬೆಯಲ್ಲಿ ತೂಗುತ್ತ ಬಂದಿವೆ. ಒಂದಕ್ಕೆ ಕೈ ಚಾಚಿದವನು ಇನ್ನೊಂದನ್ನೂ ಕಿತ್ತುಕೊಂಡೇ ಮನೆಗೆ ಹೋಗುತ್ತಾನೆ. ಬಹಳ ಗಂಭೀರವಾದ ಮಾತು ಇದು. ನನ್ನ ವಿಷಯದಲ್ಲಿ ಮಾತ್ರ ಎರಡೂ ಸೇರಿ ಒಂದು ಕನ್ನಡಕದ ಡಬ್ಬಿಯಲ್ಲಿ ಹಿಡಿಸಿದವು.

ಡಬ್ಬಿ ನನ್ನದು. ಹಣ್ಣು ಸಾರ್ವಜನಿಕರದು.

ನಮ್ಮೂರಿನ ಉದ್ಯಾನದಲ್ಲಿ, ನೀರಿನ ತೊಟ್ಟಿಯ ಹಿಂದೆ, ಒಂದು ಕ್ರ್ಯಾಬ್ ಆಪಲ್ ಗಿಡ ಇದೆ. ಕಾಡುಸೇಬಿನ ಒಂದು ಜಾತಿಯಂತೆ. ತಿನ್ನುವುದಕ್ಕಲ್ಲ, ಹೂವಿನ ಅಂದಕ್ಕೆ ಬೆಳೆಸುವುದಂತೆ. ತಂಪು ದೇಶದ ಈ ಪ್ರಾಣಿ ಶಿಡ್ಲಘಟ್ಟದ ಬಿಸಿಲಿಗೆ ಹೇಗೆ ಬಂತೆಂದು ಯಾರಿಗೂ ಗೊತ್ತಿಲ್ಲ. ಅದನ್ನು ನೋಡಿಕೊಳ್ಳುವ ಮಾಲಿ ಚಿಂತಾಮಣಿ ಕಡೆಯವನು, ಮಾತಿನಲ್ಲಿ ತೆಲುಗು ಬೆರೆಸುವವನು. ಪ್ರತಿ ವರ್ಷ ಪುಷ್ಯ ಮಾಸದಲ್ಲಿ ಅವನು ಏಣಿ ಹಾಕಿಕೊಂಡು ಗಿಡದ ಎಲೆಗಳನ್ನೆಲ್ಲ ಒಂದೊಂದಾಗಿ ಕೀಳುತ್ತಾನೆ. ಮೊದಲ ಸಲ ನೋಡಿದಾಗ ನನಗೆ ಸಹಿಸಲಾಗಲಿಲ್ಲ.

"ಏನಪ್ಪ ಇದು, ಚೆನ್ನಾಗಿರೋ ಗಿಡಾನ ಬೋಳಿಸ್ತಾ ಇದೀಯ?"

"ಇಲ್ಲಿ ಚಳಿ ಸಾಲ್ದು ಸಾರ್. ಚಳಿ ಬಿದ್ದು ಎಲೆ ಉದುರಿದ್ರೇನೇ ಇದು ಹೂ ಬಿಡೋದು. ನಾವೇ ಕಿತ್ಬಿಟ್ರೆ ಪಾಪಂ, ಚಳಿಗಾಲ ಬಂದ್ಬಿಡ್ತು ಅಂದ್ಕೊಂತದೆ."

ಆ ಗಿಡದ ಮೂರ್ಖತನಕ್ಕೆ ನಾನು ನಕ್ಕಿದ್ದೆ. ಆ ನಗುವನ್ನು ಈಗ ಹಿಂದಕ್ಕೆ ಪಡೆದಿದ್ದೇನೆ.

ಮೋಸ ಹೋದ ಗಿಡ ಮಾಘದಲ್ಲಿ ಮೈತುಂಬ ತೆಳು ಗುಲಾಬಿ ಹೂ ಬಿಡುತ್ತದೆ. ಮದುವೆ ಗೊತ್ತಾದ ಜೋಡಿಗಳು ಬಂದು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆಷಾಢದ ಹೊತ್ತಿಗೆ ಉದ್ದ ತೊಟ್ಟಿನ, ನೆಲ್ಲಿಕಾಯಿಗಿಂತ ಸಣ್ಣ, ಕೆಂಪು ಹಣ್ಣುಗಳು ಗೊಂಚಲು ಗೊಂಚಲಾಗಿ ನೇತಾಡುತ್ತವೆ. ಬುಡದಲ್ಲಿ ಒಂದು ಹಲಗೆ: 'ಅಲಂಕಾರಕ್ಕೆ ಮಾತ್ರ. ಕೀಳಬಾರದು.' ನಾನು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಬರೆದು ನೇತುಹಾಕಿದ ಯಾವ ಸೂಚನೆಯನ್ನೂ ಸೇವೆಯಲ್ಲಿದ್ದಾಗ ಮೀರಿದವನಲ್ಲ.

ಆ ವರ್ಷ ನನ್ನ ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಗೌರಿಬಿದನೂರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ಎರಡು ವರ್ಷದ ಹಿಂದೆ ಒಮ್ಮೆ ಮೂರು ತಿಂಗಳಿಗೇ ಗರ್ಭ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅದರ ಸುತ್ತ ಬಳಸಿಕೊಂಡು ಓಡಾಡುತ್ತಿದ್ದೆವು. ಈಗ ಎಂಟು ತಿಂಗಳು ತುಂಬುತ್ತಿತ್ತು. ದಿನಾ ಸಂಜೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಿಂದ ಉದ್ಯಾನದಲ್ಲಿ ಎರಡು ಸುತ್ತು ಹಾಕಿಸುವುದು ನನ್ನ ಪಾಲಿನ ಕೆಲಸ.

ಒಂದು ಸಂಜೆ ಆ ಗಿಡದ ಮುಂದೆ ನಿಂತುಬಿಟ್ಟಳು.

"ಅಪ್ಪ, ಅದು ಹುಳಿ ಇರುತ್ತೆ ಅಲ್ವಾ?"

"ಗೊತ್ತಿಲ್ಲಮ್ಮ. ಅಲಂಕಾರದ್ದು."

"ನೋಡಿದ್ರೇನೇ ಬಾಯಲ್ಲಿ ನೀರು ಬರ್ತಿದೆ," ಎಂದು ಹೇಳಿ ಮುಂದೆ ಹೋದಳು. ಅವಳು ಅಷ್ಟಕ್ಕೇ ಬಿಟ್ಟಳು. ನಾನು ಬಿಡಲಿಲ್ಲ. ಬಸುರಿ ಬಾಯಿಬಿಟ್ಟು ಆಸೆಪಟ್ಟದ್ದನ್ನು ಕೊಡದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಮಂಡಿಕಲ್ ಕಡೆ ಹೇಳುತ್ತಾರೆ. ನಾನು ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ನಂಬದಿರುವುದಕ್ಕೂ ಒಂದು ಧೈರ್ಯ ಬೇಕು, ಅದು ಮೊಮ್ಮಗುವಿನ ವಿಷಯದಲ್ಲಿ ಸಾಲದಾಯಿತು.

ಮರುದಿನ ಬೆಳಿಗ್ಗೆ ಉದ್ಯಾನಕ್ಕೆ ಎಲ್ಲರಿಗಿಂತ ಮೊದಲು ಹೋಗಿ, ಕನ್ನಡಕ ಮೂಗಿಗೇರಿಸಿ, ಡಬ್ಬಿ ಖಾಲಿ ಮಾಡಿಕೊಂಡು, ಕೆಳಗಿನ ಕೊಂಬೆಯಿಂದ ಕಿತ್ತೆ. ಎಂಟು ಹಣ್ಣು ಹಿಡಿಸಿದವು. ಡಬ್ಬಿ ಮುಚ್ಚಿದಾಗ ಬಂದ 'ಟಪ್' ಸದ್ದಿಗೆ ನಾನೇ ಬೆಚ್ಚಿದೆ.

ಮಗಳು ಉಪ್ಪು, ಖಾರದ ಪುಡಿ ಹಚ್ಚಿಕೊಂಡು ಒಂದಾದ ಮೇಲೊಂದು ಆರು ತಿಂದಳು. ಕಣ್ಣು ಕಿರಿದಾಗಿಸಿ, ಭುಜ ಕುಣಿಸಿ, "ಅಬ್ಬಾ, ಏನ್ ಹುಳಿ!" ಎಂದಳು. ಅವಳ ಅಮ್ಮ ಎಲ್ಲಿಂದ ತಂದಿರಿ ಎಂದು ಕೇಳಿದಾಗ "ಸ್ನೇಹಿತರು ಕೊಟ್ಟರು" ಎಂದೆ. ಉಳಿದ ಎರಡು ನಾಳೆಗೆ ಎಂದು ಡಬ್ಬಿಯಲ್ಲೇ ಇಟ್ಟೆ. ಆ ದಿನ ಪೂರ್ತಿ ನಾನು ಬಹಳ ಒಳ್ಳೆಯ ತಂದೆಯಾಗಿದ್ದೆ.

ಮಾರನೆಯ ಬೆಳಿಗ್ಗೆ ನೋಡಿದರೆ ಗಿಡದ ಬುಡದಲ್ಲಿ ಹೊಸ ಹಲಗೆ. ಕೆಂಪು ಬಣ್ಣ ಇನ್ನೂ ಒಣಗಿರಲಿಲ್ಲ. 'ಎಚ್ಚರಿಕೆ. ವಿಷ. ಹಣ್ಣು ತಿನ್ನಬಾರದು.'

ಮಾಲಿ ಕುಂಚ ತೊಳೆಯುತ್ತಿದ್ದ. ನಾನು ಹವಾಮಾನ ವಿಚಾರಿಸುವವನ ಹಾಗೆ ಕೇಳಿದೆ: "ಏನಪ್ಪ, ನಿಜವಾಗ್ಲೂ ವಿಷವಾ?"

"ವಿಷಮೇ ಸಾರ್! ಬೀಜದಾಗ ಐತೆ. ದೊಡ್ಡೋರಿಗೆ ಏನೋ ಪರ್ವಾಗಿಲ್ಲ. ಸಣ್ಣ ಜೀವಕ್ಕೆ ಭಾಳ ಡೇಂಜರು."

ಸಣ್ಣ ಜೀವ. ಹತ್ತಿರದ ಕಲ್ಲುಬೆಂಚಿನ ಮೇಲೆ ಕುಳಿತೆ. ನನ್ನ ಬೆಳಗಿನ ನಡಿಗೆಯ ಜೊತೆಗಾರ ಅಲ್ಲಿಗೆ ಬಂದರು. ಅವರು ರೀಲರು, ಗೂಡು ಕೊಂಡು, ಬೇಯಿಸಿ, ರೇಷ್ಮೆ ಎಳೆ ತೆಗೆಸುವ ಮನೆತನ. ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಅವರು ಗೂಡು ಹಿಡಿದು ನೋಡಿದರು, ನಾನು ಚೀಟಿ ಬರೆದೆ. ನನಗೆ ಅವರು ಭಾಯಿ, ಅವರಿಗೆ ನಾನು ಇಂದಿಗೂ ಸಾರ್.

ಅವರಿಗೆ ಎಲ್ಲ ಹೇಳಿದೆ. ಅವರು ಫೋನ್ ತೆಗೆದು ಏನೋ ಹುಡುಕಿದರು. ಓದುತ್ತ ಓದುತ್ತ ಅವರ ಗಡ್ಡ ಗಂಭೀರವಾಯಿತು.

"ಯಾ ಅಲ್ಲಾ. ಸೇಬಿನ ಜಾತಿ ಬೀಜದಲ್ಲಿ ಸಯನೈಡ್ ಇರ್ತದೆ ಅಂತ ಇದೆ ಸಾರ್."

"ಎಷ್ಟು?"

"ಸ್ವಲ್ಪ ಅಂತಾರೆ. ಸ್ವಲ್ಪ ಅಂದ್ರೆ ಎಷ್ಟು ಅಂತ ಬರೆದಿಲ್ಲ. ಬೇಟಿ ಹೇಗಿದಾಳೆ?"

"ಬೆಳಿಗ್ಗೆ ಮೂರು ದೋಸೆ ತಿಂದಳು."

"ಹಂಗಾದ್ರೆ ಅವಳಿಗೆ ಏನೂ ಇಲ್ಲ," ಎಂದವರು, ನಾನು ಯೋಚಿಸುತ್ತಿದ್ದುದನ್ನೇ ಯೋಚಿಸಿ ಫೋನನ್ನು ಜೇಬಿಗೆ ಹಾಕಿಕೊಂಡರು. ಅವಳಿಗೆ ಏನೂ ಇಲ್ಲ. ಒಳಗಿರುವುದಕ್ಕೆ?

ಈಗ ಓದುವವರು ಕೇಳಬಹುದು: ಆಗಲೇ ಡಾಕ್ಟರ ಹತ್ತಿರ ಏಕೆ ಓಡಲಿಲ್ಲ? ನ್ಯಾಯವಾದ ಪ್ರಶ್ನೆ. ಬಸುರಿಯನ್ನು ಹೆದರಿಸಬಾರದು, ಹೆದರಿಕೆಯೇ ಅಪಾಯ ಎಂದು ನಾನು ವಾದಿಸಿದೆ. ಇದು ನನ್ನ ವಾದ. ನನ್ನ ಕಾರಣ ಬೇರೆ: ಒಂದು ಸಲ ಕಳೆದುಕೊಂಡವಳಿಗೆ, ಈ ಸಲ ನಿನ್ನ ಅಪ್ಪನೇ ಕೈಯಾರೆ ತಂದುಕೊಟ್ಟ ಎಂದು ಹೇಳುವ ಬಾಯಿ ನನಗಿರಲಿಲ್ಲ.

ದಾರಿ ತೋರಿಸಿದವರು ಭಾಯಿ. "ಸಾರ್, ರೈತರು ಬೇರೆಯವರ ತೋಟದ ಸೊಪ್ಪು ತಂದ್ರೆ ಏನು ಮಾಡ್ತಾರೆ? ಮೊದಲು ನಾಲ್ಕು ಹುಳಕ್ಕೆ ಹಾಕಿ ನೋಡ್ತಾರೆ. ಔಷಧಿ ಹೊಡೆದಿದ್ರೆ ಹುಳ ಸಾಯ್ತದೆ. ಸತ್ತಿಲ್ಲ ಅಂದ್ರೆ ಎಲ್ಲಾದಕ್ಕೂ ಹಾಕ್ತಾರೆ. ರೇಷ್ಮೆ ಹುಳಕ್ಕಿಂತ ನಾಜೂಕು ಜೀವ ಯಾವುದಿದೆ? ಎರಡು ಹಣ್ಣು ಇದೆ ತಾನೇ? ಅರೆದು, ರಸ ಸೊಪ್ಪಿಗೆ ಸವರಿ, ಹುಳಕ್ಕೆ ಹಾಕೋಣ. ಅವು ಬದುಕಿದ್ರೆ ನಮ್ಮ ಮಗು ಬದುಕ್ತು."

ನಮ್ಮ ಮಗು ಎಂದರು. ಆ ಮಾತಿಗೆ ನಾನು ಬಿದ್ದೆ. ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದ ಯಾರಿಗೂ ಈ ಪರೀಕ್ಷೆಯಲ್ಲಿ ತಪ್ಪು ಕಾಣುತ್ತಿರಲಿಲ್ಲ. ಬೇರೆ ಊರಿನ ಯಾರಿಗೂ ಇದು ಹೊಳೆಯುತ್ತಲೂ ಇರಲಿಲ್ಲ.

ಮೇಲೂರಿನಲ್ಲಿ ನನ್ನ ಅಕ್ಕನ ಮನೆ. ಅವರದು ಹುಳು ಸಾಕುವ ಮನೆ. ಸ್ಕೂಟರಿನಲ್ಲಿ ಹೋಗಿ, ಪಕ್ಕದ ಮನೆಯ ಮಕ್ಕಳಿಗೆ ತೋರಿಸುವುದಕ್ಕೆ ಇಪ್ಪತ್ತು ಹುಳ ಬೇಕೆಂದೆ.

"ನೀನು ಯಾವಾಗಿಂದ ಮಕ್ಕಳ ಮೇಷ್ಟ್ರಾದೆಯೋ?" ಎಂದಳು ಅಕ್ಕ. "ಮುಖ ಯಾಕೋ ಹಿಂಗೈತೆ? ಊಟ ಮಾಡ್ಕೊಂಡು ಹೋಗು."

"ಬೇಡ ಅಕ್ಕ, ಅರ್ಜೆಂಟು."

"ಮಕ್ಕಳಿಗೆ ಹುಳ ತೋರಿಸಕ್ಕೆ ಅರ್ಜೆಂಟು!" ಎನ್ನುತ್ತಲೇ ಒಂದು ಮೊರದಲ್ಲಿ ಹುಳ ಬಿಟ್ಟು, ಮೇಲೆ ಹಳೆಯ ಪೇಪರು ಹೊದಿಸಿ, ಒಂದು ಕಟ್ಟು ಹಿಪ್ಪುನೇರಳೆ ಸೊಪ್ಪು ಕೊಟ್ಟಳು. ಸ್ಕೂಟರು ಶುರುವಾದ ಮೇಲೆ ಬಾಗಿಲಲ್ಲಿ ನಿಂತು ಇನ್ನೇನೋ ಹೇಳಿದಳು. ನನಗೆ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ನಾನಿರಲಿಲ್ಲ.

ಭಾಯಿಯ ಮನೆಯ ಮಹಡಿ ಕೋಣೆಯಲ್ಲಿ ಪರೀಕ್ಷೆ. ಎರಡು ಹಣ್ಣನ್ನು ಬೀಜ ಸಮೇತ ಅವರ ಮನೆಯವರ ಕುಟ್ಟಾಣಿಯಲ್ಲಿ ಜಜ್ಜಿದೆವು. ಕುಟ್ಟಾಣಿ ಮಸಾಲೆಯದು. ಅದರಲ್ಲಿ ಏನು ಜಜ್ಜಿದೆವೆಂದು ಅವರ ಮನೆಯವರಿಗೆ ಈವರೆಗೂ ಹೇಳಿಲ್ಲ. ರಸವನ್ನು ಹತ್ತಿಯಲ್ಲಿ ಅದ್ದಿ ಎಲೆಗಳಿಗೆ ಸವರಿ, ಒಣಗಿಸಿ, ಹುಳಗಳ ಮೇಲೆ ಹರಡಿದೆವು. ಇಬ್ಬರು ಮುದುಕರು ಮೊರದ ಎರಡು ಬದಿಗೆ ಕುಳಿತು ಬಗ್ಗಿ ನೋಡಿದೆವು. ಹುಳಗಳು ತಿಂದವು. ಸಣ್ಣ ಮಳೆ ಎಲೆಯ ಮೇಲೆ ಬಿದ್ದಂಥ ಆ ಸದ್ದು ಕೇಳುತ್ತಿದ್ದರೆ ನನ್ನ ಎದೆ ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡಿತು. ಸಂಜೆಯವರೆಗೆ ಚೆನ್ನಾಗಿಯೇ ಇದ್ದವು.

"ನೋಡಿದ್ರಾ?" ಎಂದರು ಭಾಯಿ. "ಆದ್ರೂ ನಾಳೆ ಬೆಳಿಗ್ಗೆ ಒಂದ್ಸಲ ನೋಡಿಬಿಡೋಣ."

ಬೆಳಿಗ್ಗೆ ಎಂಟಕ್ಕೆ ಹೋದೆ. ಭಾಯಿ ಮೆಟ್ಟಿಲ ಮೇಲೇ ಎದುರಾದರು. ಪಕ್ಕಕ್ಕೆ ಸರಿದು ನನ್ನನ್ನು ಮೇಲಕ್ಕೆ ಬಿಟ್ಟರು, ಹೆಣ ನೋಡಲು ಬಂದವರಿಗೆ ದಾರಿ ಬಿಡುವ ಹಾಗೆ.

ಇಪ್ಪತ್ತೂ ಹುಳ ಅಲುಗಾಡದೆ ನಿಂತಿದ್ದವು. ಎಲೆ ಅರ್ಧಕ್ಕೇ ಬಿಟ್ಟಿದ್ದವು. ಮೈ ಬಿಳಚಿ ಹೊಳೆಯುತ್ತಿತ್ತು. ಎಲ್ಲವೂ ತಲೆಯನ್ನು ಮೇಲಕ್ಕೆತ್ತಿ, ಏನನ್ನೋ ಕೇಳುತ್ತಿರುವಾಗಲೇ ಜೀವ ಹೋದಂತೆ ಬಿಗಿದುಕೊಂಡಿದ್ದವು. ಊದಿದೆ. ಕಡ್ಡಿಯಿಂದ ಮುಟ್ಟಿದೆ. ಇಲ್ಲ.

"ಒಂದೂ ಇಲ್ವಾ ಭಾಯಿ?"

"ಇಪ್ಪತ್ತೂ, ಸಾರ್."

ಮನೆಯವರೆಗೆ ಹೇಗೆ ಬಂದೆನೋ ನೆನಪಿಲ್ಲ. ಚಪ್ಪಲಿ ಬಿಡುವಾಗ ಒಳಗಿನಿಂದ ಮಗಳ ಮಾತು ಕೇಳಿಸಿತು. ಅಮ್ಮನಿಗೆ ಹೇಳುತ್ತಿದ್ದಳು, ಸಾಮಾನ್ಯವಾದ ದನಿಯಲ್ಲೇ: "ಇವತ್ತು ಯಾಕೋ ಬೆಳಿಗ್ಗೆಯಿಂದ ಒದ್ದೇ ಇಲ್ಲ ಕಣಮ್ಮ. ದಿನಾ ಇಷ್ಟೊತ್ತಿಗೆ ಕುಣೀತಿರುತ್ತೆ."

ಒಂದು ಚಪ್ಪಲಿ ಕಾಲಲ್ಲೇ ಇತ್ತು. ಹಾಗೆಯೇ ಅಡುಗೆಮನೆಗೆ ಹೋದೆ. ಹೆಂಡತಿಯನ್ನು ಪಕ್ಕಕ್ಕೆ ಕರೆದು, ಗುಮಾಸ್ತಿಕೆಯ ಭಾಷೆಯೇ ಬಾಯಿಗೆ ಬಂದು, "ಒಂದು ವಿಷಯ ನಿನ್ನ ಗಮನಕ್ಕೆ ತರಬೇಕಾಗಿದೆ" ಎಂದೆ.

"ಏನು ಒಡೆದು ಹಾಕಿದ್ರಿ?"

ಹೇಳಿದೆ. ಉದ್ಯಾನ, ಹಲಗೆ, ಬೀಜ, ಹುಳ, ಎಲ್ಲ. ಅವಳು ಒಲೆ ಆರಿಸಿದಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. "ರೀ, ಎರಡು ದಿನ ಹೊಟ್ಟೇಲಿಟ್ಕೊಂಡಿದ್ರಾ ಇದನ್ನ?" ಎಂದಳು, ಅಷ್ಟೆ. ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಾಳೆ.

"ಅಪ್ಪ, ಬರೀ ಸೊಪ್ಪು ಹಾಕಿದ ಹುಳ ಎಲ್ಲಿ?"

"ಯಾವ ಬರೀ ಸೊಪ್ಪು?"

"ಹೋಲಿಸಿ ನೋಡೋಕೆ. ಅರ್ಧ ಹುಳಕ್ಕೆ ರಸ ಸವರಿದ್ದು, ಅರ್ಧ ಹುಳಕ್ಕೆ ಬರೀ ಸೊಪ್ಪು. ಇಲ್ದಿದ್ರೆ ಯಾವುದರಿಂದ ಸತ್ತವು ಅಂತ ಹೇಗೆ ಹೇಳ್ತೀರ? ಎಂಟನೇ ಕ್ಲಾಸಿನ ಪಾಠ ಅದು."

ಟೀಚರಿನ ದನಿಯಲ್ಲೇ ಹೇಳಿದಳು. ಹೇಳಿ ಮುಗಿಸಿದ ಮೇಲೆ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. "ನಡೀರಿ, ಆಸ್ಪತ್ರೆಗೆ ಹೋಗಣ," ಎಂದಳು.

ಭಾಯಿಯ ವ್ಯಾನು ಬಂತು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳಗಳನ್ನು ಸಾಗಿಸುವ ವ್ಯಾನು ಅದು. ಆ ವಾಸನೆಗೆ ಬಸುರಿಯಲ್ಲದವರಿಗೂ ವಾಂತಿ ಬರುತ್ತದೆ. ಚಿಕ್ಕಬಳ್ಳಾಪುರದವರೆಗೆ ಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಪಕ್ಕ ಕುಳಿತಿದ್ದಳು. ಭಾಯಿ ಪ್ರತಿ ರಸ್ತೆಯ ಉಬ್ಬಿಗೂ "ಮಾಫ್ ಮಾಡಮ್ಮ, ಮಾಫ್ ಮಾಡು" ಎನ್ನುತ್ತ ನಿಧಾನ ಮಾಡುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಅವಳ ಬೆನ್ನು ನೋಡುತ್ತಿದ್ದೆ. ಒಮ್ಮೆಯೂ ಅವಳು ನನ್ನ ಕಡೆ ತಿರುಗಲಿಲ್ಲ. ದಾರಿಯುದ್ದಕ್ಕೂ ಕಣ್ಣ ಮುಂದೆ ಅದೇ, ತಲೆ ಎತ್ತಿ ಬಿಗಿದುಕೊಂಡ ಇಪ್ಪತ್ತು.

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವರಂತೆ ಕಂಡರು.

"ಎಷ್ಟು ತಿಂದ್ರಿ?"

"ಆರು."

"ಬೀಜ ಅಗಿದ್ರಾ?"

"ಇಲ್ಲ ಮೇಡಂ, ಉಗುಳ್ದೆ. ಒಂದು ನುಂಗಿರಬಹುದು."

"ಮಲ್ಕೊಳ್ಳಿ. ಮೊದಲು ಮಗು ಹಾರ್ಟ್‌ಬೀಟ್ ಕೇಳಣ."

ಪರದೆಯ ಆಚೆ ಮಗಳು, ಅವಳ ಅಮ್ಮ. ಈಚೆ ನಾನು, ಭಾಯಿ. ಯಂತ್ರ ಹಚ್ಚಿದರು. ಗೊರಗೊರ ಸದ್ದು. ಡಾಕ್ಟರು ಅದನ್ನು ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಗೊರಗೊರ. ಮತ್ತೆ ಸರಿಸಿದರು. ಏನೂ ಇಲ್ಲ. "ಸ್ವಲ್ಪ ಎಡಕ್ಕೆ ತಿರುಗಿ," ಎಂದರು. ಹೆಂಡತಿಯ ಬಳೆ ಸದ್ದಾಯಿತು. ಭಾಯಿಯ ತುಟಿ ಅಲುಗುತ್ತಿತ್ತು. ನಾನು ಏನನ್ನೂ ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳುವ ಹಕ್ಕು ಕಳೆದುಕೊಂಡವನಂತೆ ಗೋಡೆಯ ಮೇಲಿನ 'ಸದ್ದು ಮಾಡಬಾರದು' ಎಂಬ ಸೂಚನೆಯನ್ನು ಮೂರು ಸಲ ಓದಿದೆ. ಆ ಒಂದು ನಿಮಿಷಕ್ಕೆ ಹೋಲಿಸಿದರೆ ನನ್ನ ಮೂವತ್ತು ವರ್ಷದ ಸೇವೆ ಬಹಳ ಬೇಗ ಮುಗಿಯಿತು.

ಆಮೇಲೆ ಸದ್ದು ಬಂತು. ಟಕಟಕಟಕಟಕ. ಭಾಯಿಯ ಮನೆಯ ಚರಕ ವೇಗವಾಗಿ ತಿರುಗಿದರೆ ಹಾಗೆ ಸದ್ದು ಬರುತ್ತದೆ. ಅವರು ನನ್ನ ತೋಳು ಹಿಡಿದುಕೊಂಡರು. ಅದರ ಗುರುತು ಎರಡು ದಿನ ಇತ್ತು.

"ಹಾರ್ಟ್‌ಬೀಟ್ ಚೆನ್ನಾಗಿದೆ," ಎಂದರು ಡಾಕ್ಟರು. "ಬೀಜ ಅಗಿಯದೆ ಉಗುಳಿದ್ರೆ ಆರು ಹಣ್ಣಿಂದ ಏನಾಗುತ್ತೆ? ಆದರೂ ಒದೆಯೋದು ನಿಂತಿದೆ ಅಂದ್ರಲ್ಲ, ಸಂಜೆವರೆಗೆ ಇಲ್ಲೇ ಇರಿ, ನೋಡಣ." ಆಮೇಲೆ ಪರದೆ ಸರಿಸಿ ನನ್ನನ್ನು ನೋಡಿದರು. "ಹುಳಕ್ಕೆ ಹಾಕಿ ನೋಡಿದೋರು ನೀವೇನಾ?"

ಭಾಯಿ ಒಂದು ಹೆಜ್ಜೆ ಹಿಂದೆ ಸರಿದರು.

ಡಾಕ್ಟರು ಹೇಳಿದ ಮೇಲೂ ನನ್ನ ಭಯ ಜಾಗ ಬಿಟ್ಟು ಕದಲಲಿಲ್ಲ. ಅವರು ಏನಾದರೂ ಹೇಳಲಿ, ಇಪ್ಪತ್ತಕ್ಕೆ ಇಪ್ಪತ್ತೂ ಸತ್ತಿದ್ದು ಸುಳ್ಳೇ? ವರಾಂಡದಲ್ಲಿ ಕುಳಿತು ಇದನ್ನೇ ಗುಣಿಸುತ್ತಿದ್ದಾಗ ಅಕ್ಕನ ಫೋನು ಬಂತು.

"ಏನೋ, ಹುಳ ಏನಾದ್ವು? ಇವತ್ತು ಸೊಪ್ಪು ಹಾಕ್ಬೇಡ ಅಂತ ನಿನ್ನೆ ಅಷ್ಟು ಕೂಗಿದೆ, ಕೇಳಿಸ್ತಾ?"

"ಸತ್ತೋದವು ಅಕ್ಕ. ಎಲ್ಲಾ."

"ಎಲ್ಲಾ ಒಟ್ಟಿಗೆ ಹೆಂಗೋ ಸಾಯ್ತವೆ? ಮೈ ಮೆತ್ತಗಾಗಿ ಬಿದ್ದವಾ, ತಲೆ ಎತ್ಕೊಂಡು ಕೂತವಾ?"

"ತಲೆ ಎತ್ಕೊಂಡಿವೆ."

ಫೋನಿನ ಆ ಕಡೆ ಅಕ್ಕ ಯಾರಿಗೋ, "ನಮ್ಮ ತಮ್ಮ ಹೇಳೋದು ಕೇಳಿಸ್ಕೊಳ್ರೇ!" ಎಂದು ಕೂಗಿದ್ದು ಕೇಳಿತು. "ಸತ್ತಿರೋ ಹುಳ ಎಲ್ಲಾದ್ರೂ ತಲೆ ಎತ್ಕೊಂಡಿರ್ತದೇನೋ? ಜ್ವರಕ್ಕೆ ಕೂತವೆ ಕಣೋ, ಮೂರನೇದು. ನಮ್ಮನೇಲಿ ಎಲ್ಲಾ ತಟ್ಟೇಲೂ ಹಂಗೇ ಕೂತವೆ. ನಾಳೆ ಎದ್ದು ತಿಂತವೆ. ಮೂವತ್ತು ವರ್ಷ ಗೂಡಿನ ಮಾರುಕಟ್ಟೇಲಿ ಏನು ಮಾಡ್ತಿದ್ದೆಯೋ?"

ಚೀಟಿ ಬರೆಯುತ್ತಿದ್ದೆ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ, ಪ್ರತಿ ಸಲವೂ ಒಂದು ದಿನ ತಿನ್ನದೆ, ಅಲುಗದೆ, ತಲೆ ಎತ್ತಿ ನಿದ್ದೆ ಮಾಡುತ್ತದೆ, ರೈತರು ಅದನ್ನು ಜ್ವರ ಎನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನೂರು ಸಲ ಕಿವಿಗೆ ಬಿದ್ದ ಮಾತು. ಆದರೆ ಹುಳ ಗೂಡಾದ ಮೇಲೆ ನನ್ನ ಕೆಲಸ, ಗೂಡು ಬೇಯಿಸುವುದು ಭಾಯಿಯ ಕೆಲಸ. ನಿದ್ದೆ ಮಾಡುವ ಹುಳದ ಮುಂದೆ ನಾವಿಬ್ಬರೂ ಒಮ್ಮೆಯೂ ನಿಂತವರಲ್ಲ. ಮಗಳು ಕೇಳಿದ ಬರೀ ಸೊಪ್ಪಿನ ಹುಳಗಳು ಮೇಲೂರಿನಲ್ಲೇ ಇದ್ದವು.

ಒಳಗೆ ಹೋಗಿ ಮಗಳಿಗೆ ಹೇಳಿದೆ. ಆ ಬೆಳಿಗ್ಗೆಯಿಂದ ಮೊದಲ ಸಲ ಅವಳು ನನ್ನನ್ನು ನೋಡಿದಳು. ನಗುತ್ತಾಳೆಂದುಕೊಂಡೆ, ಅತ್ತಳು. ಬಹಳ ಹೊತ್ತು ಅತ್ತಳು. ಅಮ್ಮ ಕೊಟ್ಟ ಮೂಸಂಬಿ ರಸ ಕುಡಿದು, ಎಡಮಗ್ಗುಲಾಗಿ ಮಲಗಿದಳು. ನಾಲ್ಕು ಗಂಟೆಯ ಸುಮಾರಿಗೆ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒದೆ ನನ್ನ ಅಂಗೈಗೆ ಬಿತ್ತು. ನನಗೆ ಸಲ್ಲಬೇಕಾದದ್ದೇ ಅದು.

"ಇನ್ಮೇಲೆ ಏನಾದ್ರೂ ತಂದ್ರೆ," ಎಂದಳು, "ಮೊದಲು ನನಗೆ ಹೇಳಿ. ಹುಳಕ್ಕಲ್ಲ."

ಮುಂದಿನ ವಾರ ಮಾಲಿಯನ್ನು ಕೇಳಿದೆ, ಅಷ್ಟೇನೂ ವಿಷವಿಲ್ಲವಂತಲ್ಲಪ್ಪ ಎಂದು.

"ಹಂಗಂತ ಬರೆದ್ರೇನೇ ಜನ ಮುಟ್ಟಲ್ಲ ಸಾರ್. ಕೆಳಗಿನ ಕೊಂಬೇಲಿ ಎಣಿಸಿಟ್ಟಿದ್ದೆ, ಯಾವನೋ ದೊಂಗ ಎಂಟು ಕಿತ್ಕೊಂಡೋಗಿದ್ದ. ಸಿಕ್ಕಿದ್ರೆ ಕೈ ಮುರೀತಿದ್ದೆ."

ನಾನು ಕನ್ನಡಕ ತೆಗೆದು ಒರೆಸಿದೆ. ಡಬ್ಬಿ ಜೇಬಿನಿಂದ ಹೊರಗೆ ಬರಲಿಲ್ಲ.

ನಾವು ಆಸ್ಪತ್ರೆಯಿಂದ ಬಂದ ಮರುದಿನ ಮಧ್ಯಾಹ್ನವೇ ಹುಳಗಳು ಎದ್ದು ಸೊಪ್ಪು ತಿಂದಿದ್ದವು. ಅವನ್ನು ಅಕ್ಕನ ಮನೆಗೆ ವಾಪಸ್ಸು ಮಾಡಿದೆ. ಶ್ರಾವಣದ ಕೊನೆಯಲ್ಲಿ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಕಿವಿ ಸೋರಿಲ್ಲ.